ಒಂದರ ಮ್ಯಾಲೊಂದು ಶ್ರೀ

ಪ್ರಲ್ಹಾದ ಕಾಕಾಗ ಅವಸರ ಅನ್ನೋದೇ ಗೊತ್ತಿಲ್ಲ. ಅವತ್ತು ನನ್ನ ಜೀವ ಬಾಯಿಗೆ ಬಂದಿತ್ತು, ಅವರು ಮಾತ್ರ ಬಶಿಯೊಳಗ ಚಹಾ ಸುರುವಿಕೊಂಡು ಆರಿಸಿಕೋತ ಕೂತಿದ್ರು.

ಪುಣೆಯ ಕೋಥರೂಡದಾಗ ಕಟ್ಟಡಗಳ ನಕ್ಷೆ ಮಾಡೋ ಆಫೀಸು ನಮ್ಮದು. ಯಾವ ತೊಲಿಗೆ ಎಷ್ಟು ಕಬ್ಬಿಣದ ಸರಳು ಬೇಕು ಅನ್ನೋ ಪಟ್ಟಿ ಕಂಪ್ಯೂಟರಿನಾಗ ಇಡೋದು ನನ್ನ ಕೆಲಸ. ಆ ಫೈಲು ತಿಂಗಳಿಂದ ಕುಂಟಲಿಕ್ಕೆ ಹತ್ತಿತ್ತು. ಒಂದು ಅಂಕಿ ಹೊಡದು, ನಾ ನೀರು ಕುಡದು ಬಂದ್ರೂ ಗಿರಗಿರ ತಿರಗತಿತ್ತು. ಮುಂಜಾನೆ ಮಾಲೀಕ ಋಷಿಕೇಶ ಸಾಹೇಬ್ರು ಮರಾಠಿಯೊಳಗ ಖಡಾಖಡಿ ಹೇಳಿಬಿಟ್ರು: ಐದಕ್ಕ ಪಟ್ಟಿ ಹೋಗಬೇಕು, ಇಲ್ಲಂದ್ರ ನಾಳೆಯಿಂದ ಈ ಕೆಲಸ ಖರಾಡಿಯ ಬ್ಯಾರೆ ಕಂಪನಿಗೆ, ನೀವು ಮನಿಗೆ. ಐವತ್ತೆರಡನೇ ವಯಸ್ಸಿನಾಗ ನನಗ ಯಾರು ನೌಕರಿ ಕೊಡ್ತಾರ? ಕಾಕಾಗ ಫೋನ್ ಹಚ್ಚಿದೆ. ಧಾರವಾಡದವರು, ಮೂವತ್ತೈದು ವರ್ಷದಿಂದ ಪುಣೆದಾಗ ಕಂಪ್ಯೂಟರ್ ರಿಪೇರಿ. ನಮ್ಮ ಆಫೀಸಿನ ಮಷೀನೆಲ್ಲ ಅವರೇ ನೋಡೋದು. ಬಂದವರು ಚಹಾದ ಬಶಿ ಹಿಡಕೊಂಡೇ ಸುರು ಮಾಡಿದ್ರು:

"ಸುಲಭಾ, ಹಿಂದಕ ಕಂಪ್ಯೂಟರಿನಾಗ ಲೆಕ್ಕಕ್ಕಂತ ಬ್ಯಾರೆ ಚಿಪ್ ಇರತಿತ್ತು, ಕೋಪ್ರೊಸೆಸರ್ ಅಂತ. ಮೇನ್ ಚಿಪ್ಪಿನ ಬಾಜೂಕ ಖಾಲಿ ಜಾಗಾ ಬಿಟ್ಟಿರತಿದ್ರು, ಬೇಕಾದವರು ಕೊಂಡು ಕೂಡಿಸೋದು. ತೊಂಬತ್ತೊಂದರಾಗ ನಾ ಒಂದು ಕೂಡಿಸಿದೆ. ತಾಸು ಹಿಡಿಯೋ ನಕ್ಷೆ ಹತ್ತು ನಿಮಿಷದಾಗ ಬಂತು! ನನಗ ಹಾರ ಹಾಕಿದ್ರು."

"ಕಾಕಾ, ಮೂರೂವರೆ ಆತ್ರಿ!"

"ಆಮ್ಯಾಲೆ ಫೋರ್ ಎಯ್ಟಿ ಸಿಕ್ಸ್ ಡಿಎಕ್ಸ್ ಅನ್ನೋ ಹೊಸ ಚಿಪ್ ಬಂತು, ಲೆಕ್ಕದ ಚಿಪ್ಪೂ ಅದರ ಹೊಟ್ಟ್ಯಾಗೇ. ಒಬ್ಬ ಬಂದು ಬ್ಯಾರೆ ಚಿಪ್ ಹಾಕ್ರಿ ಅಂದ. ನಿಮ್ಮದರಾಗ ಆಗಲೇ ಅದರಿ, ಬ್ಯಾಡ ಅಂದೆ. ಮಷೀನಿನ ವಿಷಯದಾಗ ನಾ ಇವತ್ತಿನ ತನಕ ಸುಳ್ಳು ಹೇಳಿಲ್ಲವಾ."

"ಯಪ್ಪಾ ಸತ್ಯವಂತರ, ಮೊದಲ ನನ್ನ ಫೈಲು ನೋಡ್ರಿ!" ಅಂತ ಚೀರಿದೆ.

ಮೆಮೊರಿ ನೋಡಿದ್ರು, ಡಿಸ್ಕ್ ನೋಡಿದ್ರು. ಮಷೀನ್ ನಿಧಾನ ಆತಂದ್ರ ಒಳಗ ಏನೋ ಕಡಿಮಿ ಅದ ಅಂತ ಜೀವನಪೂರ್ತಿ ಹೇಳಿದವರು, ಈಗ ಏನೂ ಕಡಿಮಿ ಕಾಣದ ತಲಿ ಕೆರಕೊಂಡ್ರು. ನಾ ಬಾಗಲದಿಂದ ಕಿಡಕಿಗೆ, ಕಿಡಕಿಯಿಂದ ಬಾಗಲಕ್ಕ. ನಾಕು ಹೊಡೀತು. ಆವಾಗ ಅವರ ಕಣ್ಣು ಪಟ್ಟಿ ನೆತ್ತಿಮ್ಯಾಲಿನ 'ಶ್ರೀ' ಮ್ಯಾಲೆ ಬಿತ್ತು.

ಅದು ನಾ ಹಚ್ಚಿದ್ದು. ಯಾವ ಹಾಳಿಯಾದರೂ ಮೊದಲು ಶ್ರೀ ಬರೀಬೇಕು ಅಂತ ನಮ್ಮಪ್ಪ ಕಲಿಸಿದ್ದು. ಕೈಲೆ ಬರದು, ಫೋಟೋ ತಗದು ಅಂಟಿಸಿದ್ದೆ. ಆಮ್ಯಾಲೆ ಪ್ರತಿ ಹೊಸ ಪಟ್ಟಿಗೂ ಶ್ರೀ ಸಮೇತ ನಕಲು ಮಾಡಿ ಹಳೇದರ ಮ್ಯಾಲೇ ಅಂಟಸತಿದ್ದೆ. ಹಳೇ ಶ್ರೀ ಕೆಳಗ ಉಳೀತಿತ್ತು, ಮುಂದಿನ ನಕಲಿನಾಗ ಅದೂ ಸೇರಿ ಎರಡರಷ್ಟು ಆಗತಿತ್ತು, ನನ್ನ ಕಣ್ಣಿಗೆ ಒಂದೇ ಕಾಣತಿತ್ತು.

ಕಾಕಾ ಒಂದು ಅಳಿಸಿದ್ರು, ಕೆಳಗ ಇನ್ನೊಂದು. ಅದನ್ನೂ ಅಳಿಸಿದ್ರು, ಮತ್ತೊಂದು. ಎಣಿಸಿದ್ರ ಹದಿನೆಂಟು ಸಾವಿರ!

"ಕಡಿಮಿ ಅಲ್ಲವಾ, ಹೆಚ್ಚಾಗೇದ," ಅಂತ ಹೊಟ್ಟಿ ಹಿಡಕೊಂಡು ನಕ್ಕರು. ಒಂದು ಶ್ರೀ ಬಿಟ್ಟು ಉಳಿದವನ್ನೆಲ್ಲ ತಗದ್ರು. ಫೈಲು ಚಟ್ ಅಂತ ತೆರೀತು. ನಾಕೂವರೆಗೆ ಪಟ್ಟಿ ಹೋತು.

ಸಾಹೇಬ್ರು ಬಂದು, "ಒಂದು ತಿಂಗಳು ಹಾಳಾತಲ್ಲ, ಯಾರ ತಪ್ಪು ಇದು?" ಅಂದ್ರು.

ಕಾಕಾ ನನ್ನ ಮಾರಿ ನೋಡಿದ್ರು.

"ನಂದರಿ," ಅಂದ್ರು. "ಹೋದ ಸಲ ರಿಪೇರಿಗೆ ಬಂದಾಗ ನಾನೇ ಗಡಬಡಿ ಮಾಡಿದ್ದೆ."

"ಹಂಗಾರ ಇನ್ನ ನೀವು ಬರೋದು ಬ್ಯಾಡ."

ಕಾಕಾ ಚೀಲ ಹೆಗಲಿಗೆ ಹಾಕ್ಕೊಂಡು ಹೊಂಟುಹೋದ್ರು. ಮಧ್ಯಾಹ್ನದಿಂದ ಅವರ ಮ್ಯಾಲೆ ಬಡಬಡಿಸಿದ್ದ ನನ್ನ ಈ ಬಾಯಿ, ಆವಾಗ ಒಂದು ಮಾತು ಆಡಲಿಲ್ಲ. ಈಗ ಫೈಲು ಗಳಿಗಿ ತಡಾ ಇಲ್ಲದ ತೆರೀತದ, ನಾನೇ ಕುರ್ಚಿಮ್ಯಾಲೆ ಕೂಡಲಾರದ ಒದ್ದಾಡತೀನಿ. ಮ್ಯಾಲೆ ಉಳಿದ ಆ ಒಂದು ಶ್ರೀ ನೋಡಲಿಕ್ಕೆ ನನಗ ಧೈರ್ಯ ಆಗವಲ್ದು.