ಅತ್ತೆಯ ತೋಟ, ಸೊಸೆಯ ಪಾಸ್‌ಪೋರ್ಟು

ನನ್ನ ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಿ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು, ಪದಗಳೂ ಅಷ್ಟಕ್ಕಷ್ಟೆ. ಗೆರೆ ಹಾಕಿದ ಹಾಳೆಯಲ್ಲಿ ಬರೆದರೂ ನನ್ನ ಸಾಲುಗಳು ನೀರಿಗಿಳಿಯುವ ಕುರಿಗಳ ಹಾಗೆ ಓರೆಯಾಗಿ ಇಳಿಯುತ್ತವೆ. ಆದರೂ ನಾವೆಲ್ಲ ಎಜೆ, ಅಂದರೆ ಅಕ್ಕ, ಎಂದು ಕರೆಯುವ ಅಲ್ಮಾಕಾನ್ ಅವರ ಆ ಶುಕ್ರವಾರವನ್ನು ಯಾರಾದರೂ ಬರೆದಿಡಬೇಕು ಅನ್ನಿಸಿತು. ಅವರ ಬಾಯಿಂದ ಎರಡು ಸಲ, ಅವರ ಸೊಸೆಯ ಬಾಯಿಂದ ಒಂದು ಸಲ ಕೇಳಿದ್ದೇನೆ. ಎರಡೂ ಕಡೆ ಹೊಂದಿದ್ದನ್ನು ಮಾತ್ರ ಬರೆದಿದ್ದೇನೆ.

ಅಲ್ಮಾಕಾನ್ ಎಜೆ ಹುಟ್ಟಿದ್ದು ಇಸ್ಸಿಕ್-ಕುಲ್ ಸರೋವರದ ಉತ್ತರ ದಡದಲ್ಲಿ, ನಮ್ಮ ಬೇಲಿಗೆ ಅಂಟಿಕೊಂಡ ಮನೆಯಲ್ಲಿ. ಇಪ್ಪತ್ತನೇ ವಯಸ್ಸಿಗೆ ಅಲ್ಮಾಟಿಯ ಲಾರಿ ಡ್ರೈವರನ ಕೈಹಿಡಿದು ಬೆಟ್ಟದಾಚೆಗೆ ಹೋದರು. ಆಗ ಬೆಟ್ಟದ ಈಚೆಯೂ ಆಚೆಯೂ ಒಂದೇ ದೇಶ. ಎರಡು ವರ್ಷ ತುಂಬುವಷ್ಟರಲ್ಲಿ ದೇಶ ಪಾಲಾಯಿತು. ಈಚೆ ಕಿರ್ಗಿಸ್ತಾನ, ಆಚೆ ಕಜಕಸ್ತಾನ. ಗಂಡ ಯಾವ ಪಾಸ್‌ಪೋರ್ಟು ತೆಗೆದುಕೊಂಡನೋ ಎಜೆಯೂ ಅದನ್ನೇ ತೆಗೆದುಕೊಂಡರು. ಮೂವತ್ತು ವರ್ಷ ಅಲ್ಲಿಯ ಬಜಾರಿನಲ್ಲಿ ಮಾಂಸ ತುಂಬಿದ ಸಮ್ಸಾ ಸುಟ್ಟು ಮಾರಿದರು. ಬೇಸಿಗೆಗೊಮ್ಮೆ ತವರಿಗೆ ಬಂದು ಅಪ್ಪನ ತೋಟದ ಜರ್ದಾಳು ಕಿತ್ತು, ತಗಡಿನ ಮಾಡಿನ ಮೇಲೆ ಒಣಹಾಕಿ, ಗೇಟಿಗೆ ನೀಲಿ ಬಣ್ಣ ಬಳಿದು ಹೋಗುತ್ತಿದ್ದರು.

ಹೋದ ವರ್ಷ ಜೂನ್‌ನಲ್ಲಿ ಅವರಪ್ಪ ಕಾದಿರ್‌ಕುಲ್ ಅಜ್ಜ ತೀರಿಕೊಂಡರು. ಇದ್ದೊಬ್ಬ ತಮ್ಮ ಮೊದಲೇ ಹೋಗಿದ್ದ. ಮನೆ, ತೋಟ, ಮೂವತ್ತೆರಡು ಜರ್ದಾಳು ಮರ ಎಲ್ಲ ಎಜೆಗೆ ಬಂತು. ಬಂದದ್ದು ಉಳಿಯುವ ಹಾಗಿರಲಿಲ್ಲ. ತೋಟದ ನೆಲವನ್ನು ಹೊರದೇಶದವರು ಇಟ್ಟುಕೊಳ್ಳುವಂತಿಲ್ಲ. ಹಿರಿಯರಿಂದ ಬಂದರೂ ವರ್ಷದೊಳಗೆ ಈ ದೇಶದ ಪ್ರಜೆಯೊಬ್ಬರಿಗೆ ದಾಟಿಸಬೇಕು. ಅಲ್ಮಾಟಿಯವರು ಇಲ್ಲಿ ಬೇಸಿಗೆ ಮನೆ ಮಾಡಿಕೊಳ್ಳಲು ಶುರುಮಾಡಿದಾಗಿನಿಂದ ನಮ್ಮ ದಡದ ಮಕ್ಕಳಿಗೂ ಇದು ಗೊತ್ತು. ಎಜೆ, ಅವರ ಗಂಡ, ಮಗ ಮೂವರೂ ಆಚೆಯ ಪಾಸ್‌ಪೋರ್ಟಿನವರು.

ನಿಯಮ ಎಜೆಗೆ ಗೊತ್ತಿತ್ತು. ತಪ್ಪಿದ್ದು ವರ್ಷದ ಲೆಕ್ಕ. ಸತ್ತವರ ವರ್ಷ ತುಂಬುವುದು ಅಶ್ ಊಟ ಹಾಕಿದ ದಿನ ಎಂದೇ ನಮ್ಮವರ ಎಣಿಕೆ. ಕುದುರೆ ಕಡಿದು, ಊರಿಗೆಲ್ಲ ಉಣಿಸಿ, ಶೋಕದ ಬಟ್ಟೆ ಬಿಚ್ಚುವ ದಿನ ಅದು. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ದಡದಲ್ಲಿ ಯಾರ ಮನೆಯೂ ಖಾಲಿ ಇರುವುದಿಲ್ಲ, ಕೋಣೆಗಳ ತುಂಬ ಈಜಲು ಬಂದ ಅತಿಥಿಗಳು. ಅದಕ್ಕೇ ಬೇಸಿಗೆಯಲ್ಲಿ ತೀರಿಕೊಂಡವರ ಅಶ್ ಸೆಪ್ಟೆಂಬರಿಗೆ ಹೋಗುತ್ತದೆ. ಎಜೆಯೂ ಸೆಪ್ಟೆಂಬರ್ ಕೊನೆಗೆ ಇಟ್ಟಿದ್ದರು.

ಆ ಶುಕ್ರವಾರ ಬೆಳಗ್ಗೆ ಅವರು ಒಂದು ಬಾಟಲಿ ಜಾಮು ಹಿಡಿದುಕೊಂಡು ಚೋಲ್ಪೊನ್-ಅತಾ ಪಟ್ಟಣದ ನೋಟರಿ ಸೋನುನ್‌ಬೂಬು ಹತ್ತಿರ ಹೋದರು.

"ಸೆಪ್ಟೆಂಬರಲ್ಲಿ ಅಶ್ ಮುಗಿಸ್ಕೊಂಡು ಕಾಗದ ಮಾಡ್ಸೋಣ ಅಂತಿದೀನಿ. ಏನೇನು ತರ್ಬೇಕು ಹೇಳಿಬಿಡು ತಂಗಿ."

ಸೋನುನ್‌ಬೂಬು ಮರಣಪತ್ರ ನೋಡಿದರು. ಗೋಡೆಯ ಕ್ಯಾಲೆಂಡರ್ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ಮರಣಪತ್ರ ನೋಡಿದರು.

"ಎಜೆ, ನಿಮ್ಮಪ್ಪ ತೀರ್ಕೊಂಡಿದ್ದು ಜೂನ್ ಹದಿಮೂರು."

"ಹೌದು. ಚೆರ್ರಿ ಕೆಂಪಾಗ್ತಿತ್ತು."

"ಇವತ್ತು ಹನ್ನೆರಡು. ನಾಳೆ ಶನಿವಾರ, ಕಚೇರಿ ಇಲ್ಲ."

"ಆದ್ರೆ ಅಶ್ ಇನ್ನೂ ಆಗಿಲ್ವಲ್ಲ!"

"ಕಾನೂನು ಅಶ್ ಊಟಕ್ಕೆ ಬರಲ್ಲ ಎಜೆ. ಅದು ಸತ್ತ ದಿನದಿಂದ ಎಣಿಸುತ್ತೆ. ಇವತ್ತು ಐದು ಗಂಟೆಯೊಳಗೆ ಇಲ್ಲಿನ ಪಾಸ್‌ಪೋರ್ಟಿರೋರ ಹೆಸರಿಗೆ ಹೋಗ್ಬೇಕು. ಇಲ್ಲಾಂದ್ರೆ ಫೈಲು ಕೋರ್ಟಿಗೆ, ತೋಟ ಹರಾಜಿಗೆ."

ಎಜೆ ಮರಣಪತ್ರ ಮಡಚಿಕೊಂಡು ಎದ್ದರು. ಗಡಿಯಾರದಲ್ಲಿ ಹನ್ನೊಂದೂವರೆ.

ಪಡಸಾಲೆಯಲ್ಲಿ ಸಗಿನ್‌ಬೆಕ್ ಕೂತಿದ್ದ. ಎಜೆಯ ಸೋದರಮಾವನ ಮಗ. ಬೇಸಿಗೆ ಬಂತೆಂದರೆ ನೋಟರಿಯ ಬಾಗಿಲಲ್ಲೇ ಅವನ ಠಿಕಾಣಿ. ಅಲ್ಮಾಟಿಯವರ ಮೂರು ಮನೆಗಳು ಆಗಲೇ ಅವನ ಹೆಸರಿನಲ್ಲಿದ್ದವು. ಎಜೆಯ ಮುಖ ನೋಡಿದ ಕೂಡಲೇ ಎದ್ದು ಬಂದ.

"ಯಾಕೆ ಗಾಬರಿ? ನನ್ನ ಹೆಸರಿಗೆ ಬರೀರಿ ಎಜೆ. ನೆಲ ನನ್ನದು, ಹಣ್ಣು ನಿಮ್ಮದು. ನಮ್ಮಿಬ್ಬರ ಮಧ್ಯೆ ಬಾಯಿಮಾತು ಸಾಕು."

"ಹೋದ್ವರ್ಷ ಆಚೆ ದೇಶದ ಕರಗಂಡ ಊರಿನ ಆ ಗಂಡ ಹೆಂಡ್ತಿಗೂ ಬಾಯಿಮಾತೇ ಕೊಟ್ಟಿದ್ದೆ. ಬೇಸಿಗೆಗೆ ಬಂದು ಗೇಟು ತೆಗೆದ್ರೆ ಅಂಗಳದಲ್ಲಿ ಯಾರದೋ ಬಟ್ಟೆ ಒಣಗ್ತಿತ್ತಂತೆ."

"ಅದು ಬೇರೆ ಕಥೆ ಎಜೆ!"

"ಬಾಯಿಮಾತು ಅದೇ ತಾನೆ?"

ಹಾಗಂದರೂ ಎಜೆಗೆ ಬೇರೆ ದಾರಿ ಹೊಳೆಯಲಿಲ್ಲ. ಯಾರಿದ್ದಾರೆ? ಮುಂದಿನ ಕ್ಷಣ ಹಣೆ ಹಣೆ ಬಡಿದುಕೊಂಡರು. ಸೊಸೆ!

ಸೊಸೆ ಕುಂಡುಜ್ ಸರೋವರದ ಪೂರ್ವ ತುದಿಯ ತ್ಯೂಪಿನ ಹುಡುಗಿ. ಮದುವೆಯಾಗಿ ಮೂರು ವರ್ಷವಾದರೂ ಕಿರ್ಗಿಜ್ ಪಾಸ್‌ಪೋರ್ಟು ಬಿಟ್ಟಿರಲಿಲ್ಲ. ಉಳಿದದ್ದರಲ್ಲೆಲ್ಲ ಅಪ್ಪಟ ಸೊಸೆ. ನಮ್ಮಲ್ಲಿ ಸೊಸೆಯರು ಅತ್ತೆ ಮಾವಂದಿರ ಹೆಸರು ಬಾಯಿಂದ ಆಡುವುದಿಲ್ಲ. ಆ ಹೆಸರಿನೊಳಗಿನ ಮಾತನ್ನೂ ಆಡುವುದಿಲ್ಲ. ಅಲ್ಮಾ ಎಂದರೆ ಸೇಬು, ಹಾಗಾಗಿ ಸೇಬು ಕುಂಡುಜ್‌ಗೆ 'ಕೆಂಪುಂಡೆ', ಅಲ್ಮಾಟಿ 'ದೊಡ್ಡೂರು', ಅತ್ತೆ ಬರೀ 'ಆಪಾ', ಅಂದರೆ ಅಮ್ಮ. ಇಷ್ಟೆಲ್ಲ ಪಾಲಿಸುವವಳು ಪಾಸ್‌ಪೋರ್ಟಿನ ಮಾತು ಬಂದರೆ ಮಾತ್ರ ಕಿವುಡಿ. ಹೋದ ವಾರ ಎಜೆ ತಾಳ್ಮೆಗೆಟ್ಟು, "ನಮ್ಮ ಮನೆಯವಳೋ, ಪರದೇಶದವಳೋ? ಅದನ್ನ ಬದಲಾಯಿಸ್ಕೊಂಡೇ ಈ ಹೊಸ್ತಿಲು ತುಳಿ!" ಎಂದುಬಿಟ್ಟಿದ್ದರು. ಕುಂಡುಜ್ ಚೀಲ ಎತ್ತಿಕೊಂಡು ತವರಿಗೆ ಹೋಗಿದ್ದಳು.

ಎಜೆ ಫೋನ್ ಮಾಡಿದರು. ಎತ್ತಲಿಲ್ಲ. ಮತ್ತೆ ಮಾಡಿದರು. ಎತ್ತಲಿಲ್ಲ. ಬೀಗಿತ್ತಿಗೆ ಮಾಡಿದರು.

"ಕುಂಡುಜಾ? ಅವಳು ಕರಕೋಲಿನ ಪಾಸ್‌ಪೋರ್ಟ್ ಕಚೇರಿಗೆ ಹೋದ್ಳಲ್ಲ. ನಿಮ್ಮ ಮಾತು ಮೀರ್ಬಾರದು ಅಂತ ಪೌರತ್ವ ಬಿಡೋ ಅರ್ಜಿ, ಪಾಸ್‌ಪೋರ್ಟು ಎಲ್ಲ ಒಪ್ಪಿಸಿ ಬರ್ತೀನಿ ಅಂದ್ಳು. ಸಂತೋಷ ಆಯ್ತಾ ಈಗ?"

ಎಜೆಯ ಕೈಯಲ್ಲಿದ್ದ ಜಾಮಿನ ಬಾಟಲಿ ಜಾರಿತು. ಸಗಿನ್‌ಬೆಕ್ ಹಿಡಿದುಕೊಂಡ.

ಮೂರು ವರ್ಷ ಹೇಳಿದ ಮಾತನ್ನು ಸೊಸೆ ಇವತ್ತೇ ಕೇಳಬೇಕೆ! ಎಜೆ ಬೀದಿಗೆ ಬಂದು ಮತ್ತೆ ಮತ್ತೆ ಫೋನ್ ಒತ್ತಿದರು. ಒಂಬತ್ತನೇ ಸಲ ಕುಂಡುಜ್ ಎತ್ತಿದಳು.

"ಆಪಾ, ಬೈಬೇಡಿ, ಸಾಲಲ್ಲೇ ಇದೀನಿ. ಕಿಟಕಿ ಮುಂದೆ ಇನ್ನಿಬ್ಬರು, ಆಮೇಲೆ ನಾನೇ."

"ಕೊಡ್ಬೇಡ! ಪಾಸ್‌ಪೋರ್ಟ್ ಕೊಡ್ಬೇಡ!"



"ಆಪಾ... ಹುಷಾರಾಗಿದೀರಾ?"

ಎಜೆ ಒಂದೇ ಉಸಿರಿಗೆ ಎಲ್ಲ ಹೇಳಿದರು. ಅಜ್ಜ, ಹದಿಮೂರು, ಅಶ್, ಐದು ಗಂಟೆ. ಕೊನೆಗೆ ಅಂದರು, "ಬಾ ಬಾಲಮ್, ನನ್ನ ಕೂಸೇ. ನಾನು ಅಂದಿದ್ದೆಲ್ಲ ತಪ್ಪು."

"ಎಲ್ಲವೂ ತಪ್ಪಾ ಆಪಾ, ಇಲ್ಲ ಪಾಸ್‌ಪೋರ್ಟಿನ ವಿಷ್ಯ ಮಾತ್ರಾನಾ?"

"ನಗಾಡ್ಬೇಡ, ಓಡು!"

ಕುಂಡುಜ್ ಓಡಿದಳು. ಕರಕೋಲಿನ ನಿಲ್ದಾಣದಲ್ಲಿ ಟ್ಯಾಕ್ಸಿಗಳು ನಾಲ್ಕು ಜನ ತುಂಬುವವರೆಗೆ ಹೊರಡುವುದಿಲ್ಲ. ಆಗಲೇ ಒಂದೂವರೆ, ಹತ್ತಿದವರು ಯಾರೂ ಇಲ್ಲ. "ನಾಲ್ಕೂ ಸೀಟು ನಂದೇ, ಹೊರಡಿ ಅಣ್ಣಾ!" ಎಂದು ಅವಳು ಹತ್ತಿ ಕೂತಳು. ದಾರಿಯುದ್ದ ಎಜೆಯ ಫೋನಿಗೆ ಊರಿನ ಹೆಸರುಗಳು ಬರುತ್ತಿದ್ದವು. ತ್ಯೂಪ್ ದಾಟಿದೆ. ಅನನ್ಯೆವೊ ಬಂತು. ಆಮೇಲೆ ಒಂದು ಸಂದೇಶ: "ಕುರಿ."

ಜೂನ್ ತಿಂಗಳಲ್ಲವೇ, ಕುರಿಗಳು ಮೇಲಿನ ಹುಲ್ಲುಗಾವಲಿಗೆ ಹೊರಟಿದ್ದವು. ರಸ್ತೆಯ ಅಂಚಿನಿಂದ ಅಂಚಿಗೆ ಬೆನ್ನುಗಳೇ ಬೆನ್ನುಗಳು. ಡ್ರೈವರ್ ಹಾರನ್ ಬಾರಿಸಿ ಬಾರಿಸಿ ಸೋತ. ಕುಂಡುಜ್ ಕೆಳಗಿಳಿದು ಚಪ್ಪಲಿ ಕೈಗೆ ತೆಗೆದುಕೊಂಡು, "ಚುರ್ರ್! ಚೂ!" ಎಂದು ಕೂಗುತ್ತ ಮಂದೆಯ ನಡುವೆ ನುಗ್ಗಿದಳು. ಕುರುಬ ಕುದುರೆಯ ಮೇಲಿಂದ ನಕ್ಕ. "ಎಲ್ಲಿಗೆ ತಂಗಿ ಇಷ್ಟು ಅವಸರ, ಮದುವೆಗಾ?" "ಅತ್ತೆ ಕರೀತಿದಾರೆ!" "ಹಾಗಾದ್ರೆ ನಿಧಾನಕ್ಕೇ ಹೋಗು!" ಹಾಗೆಂದರೂ ಅವನೇ ಚಾವಟಿ ಬೀಸಿ ದಾರಿ ಮಾಡಿಕೊಟ್ಟ.

ಇತ್ತ ಸಗಿನ್‌ಬೆಕ್ ಎಜೆಯ ಪಕ್ಕ ಬಿಡಲಿಲ್ಲ. ಕೈಯಲ್ಲಿ ಅವನ ಪಾಸ್‌ಪೋರ್ಟು ಸಿದ್ಧವಾಗಿತ್ತು.

"ನಾಲ್ಕಾಯ್ತು ಎಜೆ. ಸೊಸೆ ಹೆಸರಿಗೆ ಬರೆದ ಮೇಲೆ ನಾಳೆ ಅವಳು ಗೇಟು ಹಾಕ್ಕೊಂಡ್ರೆ?"

ಆ ಭಯ ಎಜೆಗೂ ಇತ್ತು. ಹೋದ ವಾರ ಹೊಸ್ತಿಲು ತುಳಿಯಬೇಡ ಎಂದವರು ಅವರೇ. ನಾಳೆ ಅದೇ ಮಾತನ್ನು ಅವಳು ತಿರುಗಿಸಿ ಆಡಬಹುದು, ಕಾಗದವೂ ಅವಳ ಕಡೆಗೇ ನಿಲ್ಲುತ್ತದೆ.

"ಹಾಕ್ಕೊಂಡ್ರೆ ಹಾಕ್ಕೊಳ್ಳಲಿ," ಎಂದರು. "ಆ ಗೇಟಿಗೆ ಬಣ್ಣ ಬಳಿದವಳು ನಾನು. ಹೊರಗೆ ನಿಂತು ಅದನ್ನಾದ್ರೂ ನೋಡ್ತೀನಿ."

ನಾಲ್ಕು ಮೂವತ್ತೈದಕ್ಕೆ ಕುಂಡುಜ್ ಬಂದಳು. ಲಂಗದ ಅಂಚಿನ ತುಂಬ ಕುರಿಯ ಹಿಕ್ಕೆ, ಕೈಯಲ್ಲಿ ಪಾಸ್‌ಪೋರ್ಟು. ಬಾಗಿ ಅತ್ತೆಗೆ ಸಲಾಂ ಮಾಡಿದಳು. ಆ ಅವಸರದಲ್ಲೂ ಅದನ್ನು ಬಿಡಲಿಲ್ಲ.

ಸೋನುನ್‌ಬೂಬು ದಾನಪತ್ರ ಟೈಪು ಮಾಡಿಟ್ಟಿದ್ದರು. "ಇಲ್ಲಿ ಸಹಿ."

ಕುಂಡುಜ್ ಮೇಲಿಂದ ಕೆಳಗೆ ಕಣ್ಣಾಡಿಸಿ ಪೆನ್ನು ಕೆಳಗಿಟ್ಟಳು. "ಇದ್ರಲ್ಲಿ ಒಂದು ಸಾಲಿಲ್ಲ. ಇವರು ಬದುಕಿರೋವರೆಗೂ ಈ ಮನೇಲಿ ಬಂದು ಇರ್ಬಹುದು, ತಡೆಯೋ ಹಕ್ಕು ನನಗಿಲ್ಲ ಅಂತ."

"ಮತ್ತೆ ಟೈಪು ಮಾಡ್ಬೇಕಮ್ಮ, ಟೈಮಿಲ್ಲ."

"ಬೇಡ ಬಿಡು ಬಾಲಮ್, ಸಹಿ ಹಾಕು," ಎಂದರು ಎಜೆ.

"ಸಾಲಿಲ್ದೆ ಹಾಕಲ್ಲ."

ಸೋನುನ್‌ಬೂಬು ಗಡಿಯಾರ ನೋಡಿ, ನಿಟ್ಟುಸಿರು ಬಿಟ್ಟು ಟೈಪು ಮಾಡಿದರು. ಸಗಿನ್‌ಬೆಕ್ ತನ್ನ ಪಾಸ್‌ಪೋರ್ಟನ್ನು ಜೇಬಿಗಿಟ್ಟುಕೊಂಡ. ನಾಲ್ಕು ಐವತ್ತು.

"ಈಗ ಪಡೆಯೋರು ಜೋರಾಗಿ ಓದ್ಬೇಕು. ಅರ್ಥ ಆಗಿದೆ ಅಂತ ನನಗೆ ಖಾತ್ರಿ ಆಗ್ಬೇಕು."

ಕುಂಡುಜ್ ಓದಿದಳು. ಊರು, ನೆಲದ ಅಳತೆ, ಮರಗಳು. "ದಾನ ಕೊಡುವವರು..." ಅಲ್ಲಿಗೆ ನಿಂತುಬಿಟ್ಟಳು. ಮುಖ ಕೆಂಪೇರಿತು.

"ಓದಮ್ಮ."

"ನಮ್ಮ ಆಪಾ."

"ಆಪಾ ಅಂತ ಯಾವ ಪಾಸ್‌ಪೋರ್ಟಲ್ಲಿದೆ? ಹೆಸರು ಓದು."

ಅವಳು ನೆಲ ನೋಡಿದಳು. ಹೆಬ್ಬೆರಳಿಂದ ಕಾಗದದ ಅಂಚು ತಿಕ್ಕಿದಳು. ಸೋನುನ್‌ಬೂಬು ಕೂಡ ಯಾರದೋ ಸೊಸೆಯೇ, ಅವರು ಗದರಲಿಲ್ಲ, ಗಡಿಯಾರದ ಕಡೆ ಕೈತೋರಿದರು ಅಷ್ಟೆ. ನಾಲ್ಕು ಐವತ್ತಾರು.

ಎಜೆ ಎದ್ದು ಸೊಸೆಯ ಹತ್ತಿರ ಬಂದರು. "ಹೇಳು ಬಾಲಮ್. ಐದು ಗಂಟೆವರೆಗೂ ನಾನು ನಿನ್ನ ಅತ್ತೆ ಅಲ್ಲ. ಇಲ್ಲಿ ನೆಲ ಇಟ್ಕೊಳ್ಳೋಕಾಗದ ಒಬ್ಬ ಪರದೇಶದವಳು. ಪರದೇಶದವಳ ಹೆಸರು ಹೇಳೋಕೆ ಏನು?"

ಕುಂಡುಜ್ ಕಣ್ಣು ಮುಚ್ಚಿದಳು.

"ಅಲ್ಮಾಕಾನ್, ಕಾದಿರ್‌ಕುಲ್ ಅವರ ಮಗಳು," ಎಂದಳು. ಎಷ್ಟು ಜೋರಾಗಿ ಎಂದರೆ ಪಡಸಾಲೆಯಲ್ಲಿದ್ದವರೂ ತಿರುಗಿ ನೋಡಿದರು.

ಇಬ್ಬರೂ ಸಹಿ ಹಾಕಿದರು, ಮೊಹರು ಬಿತ್ತು. ಸೋನುನ್‌ಬೂಬು ಅದರ ಮೇಲೆ ಊದಿ ಒಣಗಿಸಿದರು. "ಇನ್ಮೇಲೆ ನೆಲದ ತೆರಿಗೆ ಸೊಸೆ ಹೆಸರಿಗೆ ಬರುತ್ತೆ. ಬೇಸಿಗೇಲಿ ಕೋಣೆ ಬಾಡಿಗೆಗೆ ಕೊಟ್ರೆ ಅದನ್ನೂ ತೋರಿಸ್ಬೇಕು. ಸೊಸೆಗೆ ಕೊಟ್ಟ ದಾನಕ್ಕೆ ತೆರಿಗೆ ಇದೆಯೋ ಇಲ್ವೋ ಅಂತ ಸೋಮವಾರ ತೆರಿಗೆ ಕಚೇರೀಲಿ ಕೇಳಿ. ಎಜೆ, ನೀವು ಆಚೆ ದೇಶದಲ್ಲಿ ಹೊರಗಿನ ಆಸ್ತಿ ಅಂತ ಇದನ್ನ ಬರೆದುಕೊಟ್ಟಿದ್ರಾ?"

"ಕೊಟ್ಟಿದ್ದೆ. ಮರ ಎಷ್ಟು ಅಂತ್ಲೂ ಬರೆದಿದ್ದೆ."

"ಹಾಗಾದ್ರೆ ಕೈಬಿಟ್ಟಿದ್ದನ್ನೂ ಬರೀರಿ."

ಹೊರಗೆ ಬಂದಾಗ ಸಗಿನ್‌ಬೆಕ್ ಜಾಮಿನ ಬಾಟಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. "ಇದಾದ್ರೂ ನನ್ನ ಹೆಸರಿಗೆ ಬರುತ್ತಾ ಎಜೆ?"

"ಅದು ನೋಟರಿದು. ಒಳಗೆ ಕೊಟ್ಟು ಬಾ."

ಬಸ್ಸಿಗೆ ಕಾಯುವಾಗ ಕುಂಡುಜ್ ಅಂಗಡಿಯಲ್ಲಿ ಒಂದು ಕಿಲೋ ಹಣ್ಣು ಕೊಂಡಳು. ಅಂಗಡಿಯವನು ಏನು ಬೇಕು ಎಂದಾಗ ಗಡಿಯಾರ ನೋಡಿದಳು. ಐದೂ ಕಾಲು. "ಕೆಂಪುಂಡೆ," ಎಂದು ಬೆರಳು ತೋರಿಸಿದಳು. ಎಜೆ ಬೆಂಚಿನ ಮೇಲೆ ಕೂತು ನಗುತ್ತ ನಗುತ್ತ ಕಣ್ಣೊರೆಸಿಕೊಂಡರು.

ಈಗ ಇಬ್ಬರೂ ಬೇಲಿಯಾಚೆ ಗೇಟಿಗೆ ಬಣ್ಣ ಬಳಿಯುತ್ತಿದ್ದಾರೆ. ಯಾವ ಬಣ್ಣ ಎಂಬುದರ ಮೇಲೆ ಬೆಳಗ್ಗಿನಿಂದ ಜಗಳ. ನಾನು ಇದನ್ನು ಇನ್ನೊಂದು ಸಲ ಶುದ್ಧವಾಗಿ ಬರೆದು, ಸಂಜೆ ಅವರಿಗೆ ಓದಿ ಹೇಳುತ್ತೇನೆ. ತಪ್ಪಿದೆ ಎಂದ ಕಡೆ ತಿದ್ದುತ್ತೇನೆ.