ತಾಯಿ ಕಡೆಯ ಹೆಸರಿಲ್ಲದವರು

ಮಗು ಬಾಟಲಿಗೆ ಬಾಯಿ ಹಚ್ಚುತ್ತಿಲ್ಲ. ಯಸ್ನಾಳ ತಲೆಯನ್ನು ಸೋಮವಾರದಿಂದ ಕೊರೆಯುತ್ತಿದ್ದುದು ಇದೊಂದೇ. ಹಲ್ಲು ಬರುತ್ತಿರಬಹುದು, ಗಂಟಲು ಕೆಂಪಾಗಿರಬಹುದು, ಸಾಂತಿಯಾಗೊದ ಚಳಿಗಾಲದ ಹೊಗೆ ಎದೆಗಿಳಿದಿರಬಹುದು. ಒಂದನ್ನು ತಳ್ಳಿಹಾಕುವಷ್ಟರಲ್ಲಿ ಇನ್ನೊಂದು ಎದ್ದು ನಿಲ್ಲುತ್ತಿತ್ತು. ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯ ಶಿಶುಪಾಲನೆಯ ಕೋಣೆಗೆ ಮಗ ಅಮಾರೊನನ್ನು ಬಿಡಲು ಹೋದಾಗ ಅಲ್ಲಿದ್ದ ಹೊಸ ಹುಡುಗಿಯೇ ಬಾಯಿಬಿಟ್ಟಳು: ಹಲ್ಲೂ ಅಲ್ಲ, ಗಂಟಲೂ ಅಲ್ಲ, ಅವನು ಹುಡುಕುತ್ತಿರುವುದು ಇಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಮಿರ್ಲಾಂಡ್ ಚಿಕ್ಕಮ್ಮನನ್ನು. ಅವರು ನಿನ್ನೆಯಿಂದ ಬಂದಿಲ್ಲ, ಯಾಕೆಂದು ಯಾರಿಗೂ ಗೊತ್ತಿಲ್ಲ.

ಗೊತ್ತಿದ್ದದ್ದು ಗೇಟಿನಲ್ಲಿ ಕೂರುವ, ಎಲ್ಲರೂ ಗೌರವದಿಂದ 'ದೊನ್' ಎನ್ನುವ ಎವಾರಿಸ್ತೊಗೆ. ಹೋಗಿಬರುವವರನ್ನೆಲ್ಲ ಕಿಚಾಯಿಸದೆ ಬಿಡದ ಕಾವಲುಗಾರ ಅವತ್ತು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಾನೇನ್ ಮಾಡ್ಲಮ್ಮ? ನಿನ್ನೆ ಮಿರ್ಲಾಂಡ್ ಕಾರ್ಡ್ ಇಟ್ರು, ಗೇಟು ಕೆಂಪು ತೋರಿಸ್ತು, ಹಿಂದೆ ಸಾಲೇ ನಿಂತಿತ್ತು. ಸಿಸ್ಟಮ್‌ನಲ್ಲಿ ನೀವಿಲ್ಲ ಅಂದೆ. 'ಸರಿ ದೊನ್ ಎವಾರಿಸ್ತೊ' ಅಂದ್ರು, ಅಷ್ಟೇ. ಏಪ್ರನ್ ಮಡಚಿ ನನ್ ಕೈಗ್ ಕೊಟ್ಟು ಹೊರಟ್ರು. ಜಗಳನಾದ್ರೂ ಆಡಿದ್ರೆ ನಾನೂ ಒಳಗ್ ಫೋನ್ ಮಾಡಿ ಕೇಳ್ತಿದ್ದೆ."

ತಮ್ಮಂತೆ ಹೈಟಿಯಿಂದ ಬಂದವರನ್ನು ಕೆಲಸದಿಂದ ತೆಗೆಯುವುದು ಹೀಗೇ ಇರಬೇಕು ಎಂದು ಮಿರ್ಲಾಂಡ್ ಎಣಿಸಿದಂತಿತ್ತು. ದೂರದ ಉತ್ತರದ ಅಂತೊಫಗಾಸ್ತಾದಲ್ಲಿ ಸೋದರಸಂಬಂಧಿಯೊಬ್ಬಳಿದ್ದಾಳಂತೆ, ಇವತ್ತು ಸಂಜೆಯ ಬಸ್ಸಿಗೆ ಹೊರಡುತ್ತಾರಂತೆ ಎಂದೂ ಅವನು ಸೇರಿಸಿದ.

ಸಿಸ್ಟಮ್‌ನಲ್ಲಿಲ್ಲ. ಆಸ್ಪತ್ರೆಯ ಡೈರೆಕ್ಟರಿ ಸರ್ವರ್ ನೋಡಿಕೊಳ್ಳುವವಳು ಯಸ್ನಾಳೇ.

ರಂಕಾಗುವಾದ ಶಾಲೆಯೊಂದರ ಅಡುಗೆಯವಳ ಮಗಳು ಯಸ್ನಾ. ರಾಜಧಾನಿ ಸಾಂತಿಯಾಗೊಗೆ ಬಂದು ಸಂಜೆ ತರಗತಿಗಳಲ್ಲಿ ಓದಿ ಈ ನೆಲಮಾಳಿಗೆಯ ಕುರ್ಚಿ ಸಂಪಾದಿಸಿದ್ದಳು. ಮನೆಗೆ ಬೀಗ ಹಾಕಿದ ಮೇಲೂ ಮೆಟ್ಟಿಲು ಹತ್ತಿ ಬಂದು ಬಾಗಿಲು ಜಗ್ಗಿ ನೋಡುವ ಸ್ವಭಾವ, ಅಮಾರೊ ಹುಟ್ಟಿದ ಮೇಲಂತೂ ಇನ್ನೂ ಹೆಚ್ಚು. ಆ ಕೆಲಸಕ್ಕೆ ಅದೇ ಒಳ್ಳೆಯದಾಗಿತ್ತು. ಆಸ್ಪತ್ರೆಯಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ಡೈರೆಕ್ಟರಿಯಲ್ಲಿ ಒಂದು ಎಂಟ್ರಿ. ಗೇಟು, ಕಂಪ್ಯೂಟರು, ಔಷಧಿಯ ಕಪಾಟು, ಎಲ್ಲವೂ ಅದನ್ನು ಕೇಳಿಯೇ ತೆರೆದುಕೊಳ್ಳುವುದು. ಫಿಲ್ಟರ್, ಅಂದರೆ ಸೋಸುವ ಷರತ್ತು, ಬರೆದುಕೊಟ್ಟರೆ ಸರ್ವರ್ ಒಂದೊಂದೇ ಎಂಟ್ರಿಯನ್ನು ಅದರೆದುರು ನಿಲ್ಲಿಸಿ ಹೌದು, ಅಲ್ಲ, ಗೊತ್ತಿಲ್ಲ ಎಂದು ತೀರ್ಪು ಹೇಳುತ್ತದೆ. ಅದಕ್ಕೆ ಮುಖ ಕಾಣುವುದಿಲ್ಲ. ಆದ್ದರಿಂದಲೇ ಸೋಸಿ ಬಂದ ಹೆಸರುಗಳನ್ನೆಲ್ಲ ಕೊನೆಯವರೆಗೂ ಓದದೆ ಯಸ್ನಾ ಯಾವ ಗುಂಡಿಯನ್ನೂ ಒತ್ತುತ್ತಿರಲಿಲ್ಲ.

ಶುಕ್ರವಾರ ಮಾತ್ರ ಒತ್ತಿದ್ದಳು. ಹಳೆಯ ಕಸ ತೆಗೆಯುವ ಕೆಲಸ. ಯಾರೋ ಪರೀಕ್ಷೆಗೆಂದು ಮಾಡಿಟ್ಟ ಎಂಟ್ರಿಗಳು, ಮನುಷ್ಯರ ಸಾಲಿನಲ್ಲಿ ಬಂದು ಕೂತ ಪ್ರಿಂಟರುಗಳು. ಅವನ್ನು ಗುರುತಿಸುವುದು ಸುಲಭವೆನಿಸಿತ್ತು. ಈ ದೇಶದಲ್ಲಿ ಮನುಷ್ಯರೆಂದ ಮೇಲೆ ಹೆಸರಿನ ಹಿಂದೆ ತಂದೆಯ ಮನೆತನದ ಹೆಸರು, ಅದರ ಹಿಂದೆ ತಾಯಿಯದು ಇದ್ದೇ ಇರುತ್ತದೆ. ತಂದೆ ಒಪ್ಪಿಕೊಳ್ಳದ ಮಗುವಿಗೂ ಎರಡು ಸಿಗುತ್ತವೆ. ತಾಯಿ ಕಡೆಯ ಹೆಸರಿಲ್ಲದವನ್ನೆಲ್ಲ ಮುಚ್ಚು ಎಂದು ಫಿಲ್ಟರ್ ಬರೆದಳು. ಮೊದಲ ಪುಟದ ತುಂಬ ಪ್ರಿಂಟರುಗಳೇ ಬಂದವು. ಎರಡನೆಯ ಪುಟ ತೆಗೆಯುವಷ್ಟರಲ್ಲಿ ಶಿಶುಪಾಲನೆಯಿಂದ ಕರೆ ಬಂತು: ಅಮಾರೊನ ಮೈ ಸುಡುತ್ತಿದೆ. ಗುಂಡಿ ಒತ್ತಿ ಓಡಿದ್ದಳು. ಅವಳು ಹೋಗುವವರೆಗೆ ಒದ್ದೆ ಬಟ್ಟೆ ಹಣೆಗಿಟ್ಟು ಮಗುವನ್ನು ಎದೆಗವಚಿಕೊಂಡು ಕೂತಿದ್ದವರು ಮಿರ್ಲಾಂಡ್.

ಮಿರ್ಲಾಂಡ್ ಫ್ಲೊರೆಸ್ತಾಲ್. ಹೈಟಿಯವರಿಗೆ ಇರುವುದು ಮನೆತನದ ಹೆಸರು ಒಂದೇ.

ನೆಲಮಾಳಿಗೆಗಿಳಿದು ಆ ಹೆಸರು ಹುಡುಕಿದಳು. ಎಂಟ್ರಿ ಇತ್ತು, ಶುಕ್ರವಾರ ಅವಳ ಕೈಯಿಂದಲೇ ಮುಚ್ಚಿಹೋಗಿತ್ತು. ಲಾಂಡ್ರಿಯ ಇಬ್ಬರದೂ ಹಾಗೇ ಆಗಿತ್ತು. ಅವರು ಬೇರೆಯವರ ಕಾರ್ಡಿನ ಹಿಂದೆ ನುಸುಳಿ ಸದ್ದಿಲ್ಲದೆ ಕೆಲಸ ಮಾಡುತ್ತಿದ್ದರಂತೆ. ಮೂವರದನ್ನೂ ತೆರೆದಳು. ಫಿಲ್ಟರನ್ನು ಅಳಿಸಿದಳು. ಆಮೇಲೆ ಮೇಲಧಿಕಾರಿ ದೊನ್ ಎರ್ನಾಲ್ದೊನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಆತ ಕೆಟ್ಟವನಲ್ಲ. ಅವಳ ಒಪ್ಪಂದ ಡಿಸೆಂಬರಿನಲ್ಲಿ ಮುಗಿಯುತ್ತದೆ, ಅದನ್ನು ಮುಂದುವರಿಸದಿರಲು ಹೊಸ ನಿರ್ದೇಶಕರಿಗೆ ನೆಪ ಸಿಕ್ಕರೆ ಸಾಕು ಎಂಬುದು ಅವನಿಗೆ ಗೊತ್ತಿತ್ತು.

"ತೆರೆದ್ಯಲ್ಲ, ಮುಗೀತು ಬಿಡಮ್ಮ. ಸರ್ವರ್ ಕೆಟ್ಟಿತ್ತು ಅನ್ನು. ಅದಕ್ಕೇನು, ಹೆಂಡ್ತಿ ಇಲ್ಲ ಮಕ್ಕಳಿಲ್ಲ."

ಅವಳಿಗೆ ನಗು ಬಂತು, ಸಮಾಧಾನವೂ ಆಯಿತು. ಮಧ್ಯಾಹ್ನದವರೆಗೆ ಆ ಸಮಾಧಾನವನ್ನು ಹಿಡಿದುಕೊಂಡಿದ್ದಳು. ನಿಜ ಹೇಳಿ ಕೆಲಸ ಹೋದರೆ ಮನೆ ಬಾಡಿಗೆಗೆ ಏನು, ಅಮಾರೊನನ್ನು ಯಾರು ನೋಡಿಕೊಳ್ಳುತ್ತಾರೆ, ರಂಕಾಗುವಾಕ್ಕೆ ವಾಪಸು ಹೋದರೆ ಅಮ್ಮನ ಮುಖ ಹೇಗಿರುತ್ತದೆ. ಮೇಜಿನ ಮೇಲಿದ್ದ ಬ್ರೆಡ್ಡು ಹಾಗೇ ಒಣಗಿತು. ಗೇಟು ಈಗ ಹಸಿರು ತೋರಿಸುತ್ತದೆ, ನಿಜ. ಆದರೆ ಗೇಟಿಗೆ ಬರಬೇಕಾದವರು ಗಂಟುಮೂಟೆ ಕಟ್ಟುತ್ತಿದ್ದಾರೆ. ಸರ್ವರ್ ಕೆಟ್ಟಿತ್ತು ಎಂದರೆ ಅವರು ನಂಬಿಯಾರೇ? ಕೆಟ್ಟ ಸರ್ವರು ಎಲ್ಲರನ್ನೂ ಬಿಟ್ಟು ತಮ್ಮನ್ನೇ ಯಾಕೆ ಹೊರಹಾಕಿತು ಎಂದು ಕೇಳದೆ ಇರುತ್ತಾರೆಯೇ? ಕೇಳಲಿಕ್ಕಿಲ್ಲ. ಅವರು ಸೋಮವಾರವೂ ಕೇಳಿರಲಿಲ್ಲ.

ಶಿಶುಪಾಲನೆಯವರಿಂದ ನಂಬರು ಪಡೆದು ಹೊರಗಿನ ಮೆಟ್ಟಿಲ ಮೇಲೆ ಕೂತಳು. ಒಮ್ಮೆ ಒತ್ತಿ, ರಿಂಗಾಗುವ ಮೊದಲೇ ಕತ್ತರಿಸಿದಳು. ಮತ್ತೆ ಒತ್ತಿದಳು.

"ಮಿರ್ಲಾಂಡ್ ಚಿಕ್ಕಮ್ಮ, ನಾನು ಯಸ್ನಾ, ಅಮಾರೊನ ಅಮ್ಮ. ನಿಮ್ಮನ್ನ ಯಾರೂ ತೆಗೆದಿಲ್ಲ. ಎರಡು ಮನೆತನದ ಹೆಸರು ಇಲ್ದಿರೋರು ಮನುಷ್ಯರೇ ಅಲ್ಲ ಅಂತ ನಾನು ಮೆಷಿನ್‌ಗೆ ಬರ್ದುಕೊಟ್ಟಿದ್ದೆ. ಓದಿ ನೋಡ್ಲೂ ಇಲ್ಲ. ತಪ್ಪು ನಂದೇ."

ಆ ಕಡೆ ಬಸ್ ನಿಲ್ದಾಣದ ಗದ್ದಲ. ಅದರ ನಡುವೆ ಮಿರ್ಲಾಂಡ್ ತಮ್ಮ ನಿಧಾನದ ಸ್ಪ್ಯಾನಿಷ್‌ನಲ್ಲಿ ಕೇಳಿದರು:

"ನಾಳೆ ನಾನು ಬಂದ್ರೆ, ಇದನ್ನ ಗೇಟಲ್ಲಿ ಹೇಳ್ತೀರಾ? ಸೋಮವಾರ ನನ್ನ ಹಿಂದೆ ಸಾಲಲ್ಲಿ ನಿಂತಿದ್ರಲ್ಲ, ಅವರೆಲ್ಲರ ಎದುರು?"

"ಹೇಳ್ತೀನಿ," ಎಂದಳು ಯಸ್ನಾ.