ಒಳಚಿಲಕವಿಲ್ಲದ ಮನೆ

ಹಳೇಬೀಡಿನಲ್ಲಿ ನಾನು ಬಾಡಿಗೆಗೆ ಹಿಡಿದ ಮನೆಯ ಒಂದು ಬಾಗಿಲಿಗೂ ಒಳಗಿನಿಂದ ಚಿಲಕವಿರಲಿಲ್ಲ. ಬಂದ ದಿನ ಸಾಮಾನು ಇಳಿಸಿ, ಮೈಮೇಲೆ ಎರಡು ತಂಬಿಗೆ ನೀರು ಹಾಕಿಕೊಳ್ಳೋಣವೆಂದು ಬಚ್ಚಲಿಗೆ ಹೋದೆ. ಬಾಗಿಲು ಹಾಕುತ್ತಿದ್ದಂತೆ ಕೈ ತಾನಾಗಿ ಚಿಲಕ ಹುಡುಕಿತು. ಸಿಕ್ಕಿದ್ದು ನಾಲ್ಕು ಸಣ್ಣ ತೂತುಗಳು ಮಾತ್ರ. ಅವಕ್ಕೆ ಮರದ ಪುಡಿ ಮೆತ್ತಿ ಮೇಲೆ ಬಣ್ಣ ಬಳಿದಿದ್ದರು. ಮಲಗುವ ಕೋಣೆಗೂ ಹಾಗೇ, ಅಡುಗೆಮನೆಗೂ ಹಾಗೇ. ಮುಂಬಾಗಿಲಿಗೆ ಮಾತ್ರ ಒಳಗಿನಿಂದಲೂ ಹೊರಗಿನಿಂದಲೂ ಕೀ ಹಾಕಿ ತೆಗೆಯುವಂಥ ಬೀಗವಿತ್ತು. ಮಾಲೀಕರು ನನಗೆ ಕೊಟ್ಟದ್ದು ಒಂದೇ ಕೀ.

ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಕಬ್ಬಿಣದ ಪೈಪು ಬಡಿದಿದ್ದರು. ಅದು ನನ್ನ ಸೊಂಟಕ್ಕಿಂತ ಎಷ್ಟೋ ಕೆಳಗಿತ್ತು. ಬಹಳ ಕುಳ್ಳಗಿರುವ ಯಾರದೋ ಅಳತೆ ಅದು. ಅವರು ಯಾರೆಂದು ನನಗೆ ಗೊತ್ತಿರಲಿಲ್ಲ. ಆದರೆ ಪೈಪು ಹಿಡಿಯಲು ಬಗ್ಗಿದಾಗಲೆಲ್ಲ ಅವರ ಪಕ್ಕದಲ್ಲೇ ನಿಂತಂತೆ ಅನಿಸುತ್ತಿತ್ತು.

ಹುಬ್ಬಳ್ಳಿ ಬಿಟ್ಟು ಇಷ್ಟು ದೂರ ಯಾಕೆ ಹೋದಿ ಎಂದು ಊರಿನ ನೀವೆಲ್ಲ ಕೇಳುತ್ತಲೇ ಇದ್ದೀರಿ. ಕಾರಣ ನನ್ನ ಮೊಣಕಾಲು. ಟೆಲಿಫೋನ್ ಕಚೇರಿಯಲ್ಲಿ ಮೂವತ್ತು ಚಿಲ್ಲರೆ ವರ್ಷ ಕೂತು ಕೆಲಸ ಮಾಡಿದವಳು ನಾನು. ನಿವೃತ್ತಿಯಾಗಿ ಕೆಲವು ವರ್ಷಕ್ಕೆ ಡಾಕ್ಟರು, ಇನ್ನು ಮೆಟ್ಟಿಲು ಹತ್ತುವ ಮಾತು ಬಿಡಿ ಅಂದರು. ನಾನಿದ್ದ ತಮ್ಮನ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟಿಲ್ಲ. ಹತ್ತಿದರೆ ಇಳಿಯುವಂತಿಲ್ಲ, ಇಳಿದರೆ ಹತ್ತುವಂತಿಲ್ಲ. ಜಾವಗಲ್ಲಿನ ಹಳೆಯ ಸಹೋದ್ಯೋಗಿಯೊಬ್ಬಳು, "ಹಳೇಬೀಡಲ್ಲಿ ಒಂದ್ ಮನೆ ಐತೆ, ಒಂದೂ ಮೆಟ್ಲಿಲ್ಲ, ಹೊಸ್ತಿಲು ಕೂಡ ಇಲ್ಲ" ಎಂದು ಫೋನು ಮಾಡಿದಳು. ಹೊಸ್ತಿಲಿಲ್ಲದ ಮನೆ! ಅದನ್ನು ಕೇಳಿದಾಗಲೇ ನಾನು ಅನುಮಾನಿಸಬೇಕಿತ್ತು. ಆದರೆ ಅರವತ್ತೆಂಟರಲ್ಲಿ ಮೊದಲ ಸಲ ಸ್ವತಂತ್ರವಾಗಿ, ಒಬ್ಬಳೇ ಇರುವ ಆಸೆ ಬಲವಾಗಿತ್ತು.

ನಮ್ಮ ಹುಬ್ಬಳ್ಳಿಯಲ್ಲಿ ಸದ್ದು ಯಾವಾಗಲೂ ಇರುತ್ತದೆ. ಇಲ್ಲಿ ಸದ್ದು ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿ ಹೋಗುತ್ತದೆ. ಪ್ರವಾಸಿಗಳು ಬರುವ ಮೊದಲು, ಬೆಳಿಗ್ಗೆ, ನಾನು ದೇವಸ್ಥಾನದ ಸುತ್ತ ನಡೆಯುತ್ತಿದ್ದೆ. ಗೋಡೆಯ ಉದ್ದಕ್ಕೂ ಸಾಲಾಗಿ ನಿಂತ ಮುಖಗಳು. ಕೆಲವಕ್ಕೆ ಕೈ ಇಲ್ಲ, ಕೆಲವಕ್ಕೆ ಮೂಗಿಲ್ಲ, ಎಲ್ಲಕ್ಕೂ ಕಣ್ಣಿದೆ. ಮನೆಗೆ ಬಂದರೂ ಯಾರೋ ನೋಡುತ್ತಿದ್ದಾರೆ ಅನ್ನುವುದು ಹೋಗುತ್ತಿರಲಿಲ್ಲ.

ಎರಡನೇ ವಾರದಿಂದ ಸಾಮಾನು ಜಾಗ ಬದಲಿಸತೊಡಗಿತು.

ಬಚ್ಚಲಿನ ಬಾಗಿಲಲ್ಲಿ ಹಾಸಿದ್ದ ಮ್ಯಾಟು, ನಾನು ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ಸುರುಳಿಯಾಗಿ ಬಾಗಿಲ ಹಿಂದೆ ನಿಂತಿತ್ತು. ನಾನೇ ಸುತ್ತಿಟ್ಟೆನೇನೋ ಅಂದುಕೊಂಡು ಮತ್ತೆ ಹಾಸಿದೆ. ಮರುದಿನ ಮತ್ತೆ ಸುರುಳಿ. ಮೇಲಿನ ಹಲಗೆಯ ಮೇಲಿಟ್ಟಿದ್ದ ಜೋಳದ ಹಿಟ್ಟಿನ ಡಬ್ಬಿ ಸಂತೆಯಿಂದ ಬರುವಷ್ಟರಲ್ಲಿ ಕೈಗೆಟಕುವಷ್ಟು ಕೆಳಗೆ ಬಂದಿತ್ತು. ಹತ್ತಿ ನಿಲ್ಲಲು ತಂದಿದ್ದ ಸ್ಟೂಲು ಮಂಚದಡಿ ಮಗುಚಿಕೊಂಡಿತ್ತು. ಒಂದು ದಿನ ಗ್ಯಾಸಿನ ರೆಗ್ಯುಲೇಟರು ಬಂದ್ ಆಗಿತ್ತು. ಅದನ್ನು ಬಂದ್ ಮಾಡುವ ರೂಢಿಯೇ ನನಗಿಲ್ಲ. ಕಳುವಾದದ್ದು ಏನೂ ಇಲ್ಲ. ಕಳುವಾಗಿದ್ದರೆ ಸಮಾಧಾನವಾಗುತ್ತಿತ್ತು.

ತಮ್ಮ ದಿನಾ ಫೋನು ಮಾಡುತ್ತಿದ್ದ. "ಅಕ್ಕಾ, ಆರಾಮ ಅದೀ ಇಲ್ಲೋ?"

"ಆರಾಮ ಅದೀನೋ," ಅನ್ನುತ್ತಿದ್ದೆ. ಬೇರೆ ಏನಂದರೂ ಮರುದಿನವೇ ಬಂದು ಕರೆದುಕೊಂಡು ಹೋಗುತ್ತಿದ್ದ.

ನನ್ನ ಗೋಡೆಯಾಚೆ ಗೌರಮ್ಮ ಎನ್ನುವವರು ಒಬ್ಬರೇ ಇದ್ದರು. ಎಪ್ಪತ್ತು ದಾಟಿದವರು, ಬಹಳ ಗಿಡ್ಡ, ಮಾತು ಕಡಿಮೆ. ಮುದ್ದೆಯನ್ನು ಅಗಿಯದೆ ನುಂಗಬೇಕೆಂದು ಕಲಿಸಿದವರು ಅವರೇ. ನಾನು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರೆ ರೊಟ್ಟಿಯನ್ನು ನೀರಲ್ಲಿ ನೆನೆಸಿಕೊಂಡು ತಿಂದರು. ಒಂದು ಮಧ್ಯಾಹ್ನ ಅವರ ಜಗಲಿಗೆ ಹೋಗಿ ಕೇಳಿದೆ.

"ಗೌರಮ್ಮಾ, ನಾ ಇಲ್ಲದಾಗ ಯಾರಾದ್ರೂ ನಮ್ಮನಿಗೆ ಬಂದಿದ್ರೇನ್ರಿ?"

ಅವರು ರಾಗಿ ಕೇರುತ್ತಿದ್ದರು. ಮೊರ ನಿಂತಿತು.

"ಸರೋಜಮ್ಮ ಇದ್ದಾಗ್ಲೂ ಎಲ್ಲಾ ಎತ್ರಕ್ಕೇ ಇಡೋರು," ಎಂದರು.

"ಸರೋಜಮ್ಮ ಅಂದ್ರ ಯಾರ್ರಿ?"

"ನಿಮ್ಗಿಂತ ಮುಂಚೆ ಇದ್ದೋರು."

"ಈಗ ಎಲ್ಲಿದ್ದಾರ?"

ಗೌರಮ್ಮ ನನ್ನ ಮನೆಯ ಕಡೆ ನೋಡಿದರು. "ಇಲ್ಲೇ," ಅಂದು ಮತ್ತೆ ಕೇರತೊಡಗಿದರು.

ಮುಂದೆ ಕೇಳುವ ಧೈರ್ಯ ಬರಲಿಲ್ಲ. ನೇರ ಅಂಗಡಿಗೆ ಹೋಗಿ, "ಗಟ್ಟಿಮುಟ್ಟಾದ್ದೊಂದು ಕೀಲಿ ಕೊಡ್ರಿ" ಅಂದೆ. ನಮ್ಮಲ್ಲಿ ಬೀಗಕ್ಕೆ ಕೀಲಿ ಅನ್ನುತ್ತೇವಲ್ಲ; ಆತ ಅದನ್ನು ಬೀಗದ ಕೀ ಎಂದು ತಿಳಿದು, "ಕೀ ಮಾಡೋನು ಬಸ್‌ಸ್ಟ್ಯಾಂಡ್ ತಾವ ಕೂತಿರ್ತಾನೆ ಕಣಮ್ಮ" ಎಂದ. ಒಂದೇ ಭಾಷೆಯೊಳಗೆ ಇಷ್ಟು ದೂರ ಬಂದಿದ್ದೇನೆಯೇ ಅನಿಸಿತು.

ಬೀಗ, ಚಿಲಕಗಳನ್ನು ಹಾಕಲು ಬಂದವರು ಬಡಗಿ ಮಂಜಾಚಾರ್ರು. ಮುಂಬಾಗಿಲಿನ ಬೀಗ ಬದಲಿಸಿ, ಒಳಗೆ ಒಂದು ಚಿಲಕ ಬಡಿದರು. ಬಚ್ಚಲಿಗೆ ಬಂದಾಗ ತೂತಿನ ಮೇಲೆ ಬೆರಳಾಡಿಸಿ ನಿಂತರು.

"ಇವನ್ನೆಲ್ಲಾ ಮುಚ್ಚಿದ್ದು ನಾನೇ. ಇಲ್ಲಿಗೆ ಬ್ಯಾಡ ಬಿಡಿ ಅಮ್ಮಾರೇ."

"ಯಾಕ್ರಿ?"

"ಒಬ್ರೇ ಇರ್ತೀರಿ. ಬ್ಯಾಡ."

"ಒಬ್ಬಾಕಿನೇ ಇರ್ತೀನಿ ಅಂತನೇ ಬೇಕ್ರಿ," ಎಂದೆ. ಅವರು ಚಿಲಕ ಬಡಿದು ಹೋದರು.

ಮಾರನೆಯ ದಿನದಿಂದ ಮನೆ ಅಲುಗಾಡಲಿಲ್ಲ. ಡಬ್ಬಿ ಮೇಲಿಟ್ಟರೆ ಮೇಲೆಯೇ. ಮ್ಯಾಟು ಹಾಸಿದರೆ ಹಾಸಿದಲ್ಲಿಯೇ. ನಾನು ಗೆದ್ದೆ ಅಂದುಕೊಂಡೆ. ತಮ್ಮನಿಗೆ ಫೋನಿನಲ್ಲಿ ಹಾಡು ಕೂಡ ಹೇಳಿದೆ. ಆದರೆ ಗೌರಮ್ಮ ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ನನ್ನ ಹೊಸ ಬೀಗವನ್ನೇ ನೋಡುತ್ತಾ ಅವರ ಜಗಲಿಯಲ್ಲಿ ಕೂತಿರುತ್ತಿದ್ದರು.

ನಾಲ್ಕನೆಯ ದಿನ ಬೆಳಿಗ್ಗೆ ಜಳಕ ಮುಗಿಸಿ ಮ್ಯಾಟಿನ ಮೇಲೆ ಕಾಲಿಟ್ಟೆ. ಅದು ನನ್ನನ್ನು ಹೊತ್ತುಕೊಂಡೇ ಜಾರಿತು. ಪಾದದ ಬಳಿ ಒಣ ಕಡ್ಡಿ ಮುರಿದ ಸದ್ದು ಕೇಳಿದ್ದು ನೆನಪಿದೆ. ನೋವು ಆಮೇಲೆ ಬಂತು.

ಫೋನು ಅಡುಗೆಮನೆಯಲ್ಲಿತ್ತು. ಚಿಲಕ ನಿಂತವರ ಹೆಗಲೆತ್ತರಕ್ಕಿತ್ತು. ನಾನು ನೆಲದ ಮೇಲಿದ್ದೆ. ಏಳಲು ಹೋದರೆ ಕಣ್ಣು ಕತ್ತಲೆ ಬರುತ್ತಿತ್ತು. ಕೂಗಿದೆ. ಕೂಗು ಟೈಲ್ಸಿನ ಗೋಡೆಗೆ ಬಡಿದು ನನಗೇ ಮರಳಿತು. ಹೊತ್ತು ಹೋಯಿತು. ಎಲ್ಲೋ ಪ್ರವಾಸಿಗಳ ಬಸ್ಸಿನ ಹಾರನ್ನು, ಮಕ್ಕಳ ಗದ್ದಲ. ಜಗತ್ತು ನೂರು ಹೆಜ್ಜೆ ಆಚೆಗಿತ್ತು. ಒದ್ದೆ ನೆಲ ಮೈಯ ಕಾವನ್ನು ಹೀರುತ್ತಿತ್ತು. ತೂಕಡಿಕೆ ಬರತೊಡಗಿತು. ಅದು ಹಿತವಾಗಿತ್ತು, ಹಿತವಾಗಿದ್ದಕ್ಕೇ ಭಯವಾಯಿತು.

ಆಗ ತಲೆಯ ಮೇಲಿನ ಗವಾಕ್ಷಿಯಿಂದ ದನಿ ಬಂತು.

"ಸರೋಜಮ್ಮಾ."

ಕತ್ತೆತ್ತಿ ಗವಾಕ್ಷಿಯ ಕಡೆ ನೋಡಿದೆ.

"ಸರೋಜಮ್ಮಾ, ಓ ಅನ್ನಿ."

ಗೌರಮ್ಮನ ದನಿ. ಆದರೆ ನನ್ನನ್ನು ಕರೆಯುತ್ತಿರಲಿಲ್ಲ. ಸತ್ತವರ ಹೆಸರಿಗೆ ಓಗೊಡಬೇಕೋ ಬೇಡವೋ ಎಂದು ಒಂದು ಕ್ಷಣ, ದೇವರಾಣೆ, ಯೋಚಿಸಿದೆ. ಆಮೇಲೆ "ಓ" ಅಂದೆ.

"ಹಂಗೇ ಅಂತಾ ಇರಿ. ನಿಲ್ಲಿಸ್ಬ್ಯಾಡಿ. ಏಳ್ಬ್ಯಾಡಿ. ಬಟ್ಟೆ ಕೈಗೆ ಸಿಕ್ತದಾ? ಮೈಮ್ಯಾಲೆ ಎಳ್ಕೊಳ್ಳಿ."

ಗವಾಕ್ಷಿಯ ಗಾಜಿನ ಪಟ್ಟಿಗಳು ಒಂದೊಂದಾಗಿ ಹೊರಗೆ ಹೋದವು. ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಆ ಗಿಡ್ಡ ಮುದುಕಿ ಹತ್ತಿ ನಿಂತಿದ್ದರೆಂದು ಆಗ ಹೊಳೆಯಿತು.

"ಗೌರಮ್ಮಾ, ನೀವು ಬೀಳ್ತೀರಿ. ಇಳೀರಿ!"

"ಓ ಅನ್ನಿ ಅಂದೆ. ಬ್ಯಾರೆ ಮಾತ್ ಬ್ಯಾಡ."

ಒಳಗೆ ದೋಟಿ ಇಳಿಯಿತು. ನುಗ್ಗೆಕಾಯಿ ಕೀಳುವ, ತುದಿಗೆ ಕೊಕ್ಕೆಯಿದ್ದ ಬಿದಿರು ಕೋಲು. ಮಲಗಿದಲ್ಲಿಂದಲೇ ಕೊಕ್ಕೆಯನ್ನು ಚಿಲಕಕ್ಕೆ ಸಿಕ್ಕಿಸಬೇಕು. ಒಮ್ಮೆ ತಪ್ಪಿತು. ಇನ್ನೊಮ್ಮೆ ಕೋಲು ಮುಖದ ಮೇಲೆ ಬಿತ್ತು. ಪ್ರತಿ ಸಲ ಮೇಲಿನಿಂದ "ಓ ಅನ್ನಿ", ಕೆಳಗಿನಿಂದ ನನ್ನ "ಓ". ಎಷ್ಟನೆಯ ಸಲಕ್ಕೋ ಕೊಕ್ಕೆ ಕಚ್ಚಿತು. ಎಳೆದೆ. ಹೊಸ ಚಿಲಕ, ಎಣ್ಣೆಯಿಲ್ಲದೆ ಕಿರುಗುಟ್ಟುತ್ತಾ ಸರಿಯಿತು. ಅಷ್ಟರಲ್ಲಿ, ಗೌರಮ್ಮ ಮೊದಲೇ ಹೇಳಿಕಳಿಸಿದ್ದ ಮಂಜಾಚಾರ್ರು ಹಾರೆ ತಂದು, ತಾವೇ ಬಡಿದಿದ್ದ ಮುಂಬಾಗಿಲ ಚಿಲಕವನ್ನು ಮೀಟಿ ಒಳಗೆ ಬಂದರು.

ಆಸ್ಪತ್ರೆಗೆ ಒಯ್ಯುವ ಗಾಡಿ ಬರುವವರೆಗೆ ಗೌರಮ್ಮ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಆಗ ಹೇಳಿದರು. ಸರೋಜಮ್ಮ ಇದೇ ಬಚ್ಚಲಲ್ಲಿ, ಚಿಲಕ ಹಾಕಿಕೊಂಡು, ಹೀಗೇ ಬಿದ್ದಿದ್ದರು.

"ನಾನು ಕೂಗ್ದೆ, ಅವ್ರು ಓ ಅಂದ್ರು. ಜನ ಸೇರಿ ಬಾಗ್ಲು ಒಡೀತಾ ಇದ್ರು, ಅವ್ರು ಓ ಅಂತಾನೇ ಇದ್ರು. ಆಮ್ಯಾಕೆ ಅನ್ಲಿಲ್ಲ."

ಚಿಲಕಗಳನ್ನು ಕೀಳಿಸಿದ್ದು, ಹೊಸ್ತಿಲು ತೆಗೆಸಿದ್ದು ಗೌರಮ್ಮನೇ. ಅರಸೀಕೆರೆಯಲ್ಲಿರುವ ಮಾಲೀಕರ ಮುಂದೆ ಹಟ ಹಿಡಿದು ಕೂತು. ಗೋಡೆಯ ಪೈಪಿಗೆ ಅಳತೆ ಕೊಟ್ಟದ್ದು ತಮ್ಮದೇ ಮೈಯಿಂದ, "ಸರೋಜಮ್ಮ ನನ್ನಷ್ಟೇ ಇದ್ರು" ಎಂದು. ಸತ್ತವರ ಅಳತೆಗೆ ಸುರಕ್ಷಿತವಾದ ಮನೆಗೆ ನಾನು ಬಂದಿದ್ದೆ. ಹಳೆಯ ಬೀಗದ ಇನ್ನೊಂದು ಕೀ ಅವರ ಹತ್ತಿರವೇ ಇತ್ತು.

ನನಗೆ ಮೊದಲು ಬಂದದ್ದು ಸಿಟ್ಟು. "ನನಗ ಹೇಳಬಾರದಿತ್ತೇನ್ರಿ? ಕಳ್ಳರ ಹಂಗ ಬಂದು ಹೋಗೂದು..."

"ಹೇಳ್ಬೇಕಿತ್ತು ಕಣ್ರವ್ವ. ಗೊತ್ತಾದ್ರೆ ಬಿಟ್ಟೋಯ್ತಾರೆ, ಹೇಳ್ಬ್ಯಾಡಿ ಅಂದ್ರು ಓನರ್ರು." ನನ್ನ ಒದ್ದೆ ಕೂದಲನ್ನು ಸೆರಗಿನಿಂದ ಒರೆಸುತ್ತಾ, "ನಂಗೂ ನೀವು ಹೋಗೋದು ಬ್ಯಾಡಾಗಿತ್ತು. ಎಂಟ್ ತಿಂಗ್ಳು ಗ್ವಾಡೆ ಆಚೆ ಒಂದ್ ಸದ್ದಿರ್ಲಿಲ್ಲ," ಎಂದರು.

ತಮ್ಮ ಬಂದು ಹುಬ್ಬಳ್ಳಿಗೆ ಕರೆದೊಯ್ದ. ಪ್ಲಾಸ್ಟರು ಹಾಕಿದ ಕಾಲನ್ನು ಚಾಚಿಕೊಂಡ ನನ್ನನ್ನು ಕುರ್ಚಿ ಸಮೇತ ಇಬ್ಬರು ಮೂರನೇ ಮಹಡಿಗೆ ಹೊತ್ತರು. ಮೂರು ತಿಂಗಳು ಕೆಳಗಿಳಿಯಲಿಲ್ಲ. ತಮ್ಮನ ಹೆಂಡತಿ ಒಂದು ಲೋಟ ನೀರನ್ನೂ ನನ್ನ ಕೈಯಿಂದ ತುಂಬಿಸಲಿಲ್ಲ. ಯಾವ ಅಪಾಯವೂ ಇರಲಿಲ್ಲ. ಪ್ರೀತಿಗೂ ಕೊರತೆಯಿರಲಿಲ್ಲ. ಆದರೂ ಬೆಳಿಗ್ಗೆ ಎಚ್ಚರಾದಾಗಲೆಲ್ಲ, ಗೌರಮ್ಮ ಆ ಕಲ್ಲಿನ ಮೇಲಿಂದ ಬಿದ್ದಿದ್ದರೆ ಅವರನ್ನು ಯಾರು ಕೂಗಿ ಕರೆಯುತ್ತಿದ್ದರು ಎನ್ನುವ ಯೋಚನೆ ಬರುತ್ತಿತ್ತು. ಕಾಲು ನೆಲಕ್ಕೂರುತ್ತಲೇ ಹಳೇಬೀಡಿಗೆ ಹೊರಟೆ. ತಮ್ಮ ಎರಡು ದಿನ ಮಾತು ಬಿಟ್ಟ.

ಈಗ ಒಳಗಿನ ಚಿಲಕಗಳಿಲ್ಲ. ಪೈಪನ್ನು ನನ್ನ ಅಳತೆಗೆ ಏರಿಸಿದ್ದಾರೆ. ಗೌರಮ್ಮನ ಮನೆಯ ಕೀ ನನ್ನ ಹತ್ತಿರ, ನನ್ನದು ಅವರ ಹತ್ತಿರ. ಒಳಗೆ ಬರುವ ಮೊದಲು ಕೂಗಬೇಕೆಂದು ಕರಾರಾಗಿದೆ. ಅವರ ಒಲೆಯ ಹತ್ತಿರ ಬಿದ್ದಿರುತ್ತಿದ್ದ ಜಾರು ಗೋಣಿಚೀಲವನ್ನು ಎತ್ತಿ ಹೊರಗಿಡುವುದು ನನ್ನ ದಿನದ ಕೆಲಸ. ಒಂದು ಸಂಜೆ ಮ್ಯಾಟು, ಡಬ್ಬಿ, ಸ್ಟೂಲು ಎಲ್ಲ ತಾವೇ ಮಾಡಿದ್ದೆಂದು ಒಪ್ಪಿಕೊಂಡರು.

"ಗ್ಯಾಸು?" ಎಂದೆ.

"ಗ್ಯಾಸ್ ನಾನ್ ಮುಟ್ಟಿಲ್ಲಪ್ಪ. ನಂಗೆ ಅದ್ನ ಕಂಡ್ರೇ ಭಯ."

ಹಾಗಾದರೆ ನಾನೇ ಬಂದ್ ಮಾಡಿ ಮರೆತಿರಬೇಕು. ಹಾಗೆಂದುಕೊಳ್ಳುವುದಕ್ಕಿಂತ ಅದು ಸರೋಜಮ್ಮನ ಕೆಲಸ ಎಂದು ನಂಬುವುದು ನನಗೆ ಸುಲಭ.

ಮೊನ್ನೆ ಮದುವೆಯೊಂದಕ್ಕೆ ಹುಬ್ಬಳ್ಳಿಗೆ ಬಂದು ಹೋದೆ. ಬರುವಾಗ ರೈಲಿನಲ್ಲಿ ಎದುರಿಗೆ ಕೂತವರು ಯಾವೂರು ಎಂದು ಕೇಳಿದಾಗ "ಹಳೇಬೀಡು" ಅನ್ನುವ ಮಾತು ತಾನಾಗಿ ಬಂತು. ವಾಪಸು ಹೊರಟಾಗ ರಾಣೇಬೆನ್ನೂರಿನಲ್ಲಿ ಹತ್ತಿದ ಹೆಂಗಸೊಬ್ಬಳು ಅದೇ ಪ್ರಶ್ನೆ ಕೇಳಿದಳು. "ಹುಬ್ಬಳ್ಳಿಯಾಕಿರಿ ನಾನು," ಅಂದೆ. ಆಕೆ ಖುಷಿಯಾಗಿ ತನ್ನ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಕೊಟ್ಟಳು. ಅರಸೀಕೆರೆಯಲ್ಲಿ ನಾನು ನಿಧಾನವಾಗಿ ಇಳಿದು ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ, ಕಿಟಕಿಯಿಂದ ಬಗ್ಗಿ, "ಹುಷಾರ್ರಿ ಅಕ್ಕಾರ, ಜಲ್ದಿ ಊರಿಗೆ ಹೋಗ್ರಿ ಮತ್ತ" ಎಂದಳು.

ಯಾವ ಊರಿಗೆ ಎಂದು ನಾನು ಕೇಳುವಷ್ಟರಲ್ಲಿ ರೈಲು ಹೊರಟಿತ್ತು.